ಮಾಲವ್ವ ಬೆಳೆಸಿದ ತುಂಬೆ

ಚಿಗಳ್ಳಿಯ ಜನ ಮಾಲವ್ವನನ್ನು ನೋಡಿ ನಕ್ಕರೆಂದು ಅವರನ್ನು ಬೈಯುವ ಹಾಗಿಲ್ಲ. ಊರಿಗೆ ಊರೇ ಬೆನ್ನಿಗೆ ಪಂಪು ಏರಿಸಿಕೊಂಡು ಹೊಲದ ಕಸ ಸಾಯಲಿ ಎಂದು ಎಣ್ಣೆ ಹೊಡೆಯುವ ಕಾಲದಲ್ಲಿ ಈ ಹೆಂಗಸು ಹಿತ್ತಲಿನಲ್ಲಿ ಮುಳ್ಳುಬೇಲಿ ಕಟ್ಟಿ, ಕೋಳಿಗಳನ್ನು ಅಟ್ಟುತ್ತ ಕೂತು, ಕಸವನ್ನೇ ಬೆಳೆಸುತ್ತಿದ್ದಳು. ಅಂಗಡಿಕಟ್ಟೆಯ ಮೇಲೆ ಕೂತವರು ಆಕೆ ಹಾದುಹೋದಾಗಲೆಲ್ಲ, ಪೀಕು ಹೇಗಿದೆ, ಈ ಸಲ ಎಷ್ಟು ಚೀಲ ಬರಬಹುದು ಎಂದು ಕೇಳಿ ಮೀಸೆಯ ಮರೆಯಲ್ಲಿ ನಗುತ್ತಿದ್ದರು. ಮಾಲವ್ವ ಇದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ನಿಮ್ಮ ಹೆಂಡಿರು ನಿಮ್ಮನ್ನು ಸಾಕುತ್ತಿದ್ದಾರಲ್ಲ, ಅದಕ್ಕಿಂತ ಇದು ಕಡಿಮೆ ಕಸ ಎಂದು ಹೇಳಿ ಮುಂದೆ ಹೋಗುತ್ತಿದ್ದಳು.

ಆ ಕಸದ ಹೆಸರು ತುಂಬೆ. ಮೊಣಕಾಲುದ್ದದ ಗಿಡ, ಗೆಣ್ಣುಗೆಣ್ಣಿಗೂ ಒಂದೊಂದು ಹಸಿರು ಉಂಡೆ, ಉಂಡೆಯ ಸುತ್ತ ಅಕ್ಕಿಕಾಳಿಗಿಂತ ತುಸು ದೊಡ್ಡ ಬಿಳಿ ಹೂ. ಮುಂಗಾರು ಬಿದ್ದು ತಿಂಗಳೊಪ್ಪತ್ತಿಗೆ ಹೊಲದ ಒಡ್ಡಿನ ಮೇಲೆ, ಹಾದಿಬದಿಗೆ, ಕೊಟ್ಟಿಗೆಯ ಹಿಂದೆ ಕರೆಯದೆ ಬರುತ್ತಿತ್ತು; ದೀಪಾವಳಿ ದಾಟಿ ಚಳಿ ಬಲಿತ ಮೇಲೆ ಹೇಳದೆ ಒಣಗಿ ಹೋಗುತ್ತಿತ್ತು. ಶಿವನಿಗೆ ಪ್ರೀತಿಯ ಹೂವೆಂದು ಎಲ್ಲರಿಗೂ ಗೊತ್ತು. ನೆಗಡಿಯಾದ ಮಕ್ಕಳಿಗೆ ಅದರ ಎಲೆಯ ರಸ ಹಿಂಡುವುದೂ ಗೊತ್ತು. ಬಿತ್ತುವುದು, ಕಾಯುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಅಂಥ ಗರಜು ಯಾರಿಗೂ ಬಿದ್ದಿರಲಿಲ್ಲ. ಮಾಲವ್ವನಿಗೆ ಬಿತ್ತು. ಅವಳ ಅತ್ತೆ ತಾಯವ್ವನ ಊಟ ಆ ಹೂವಿನ ಮೇಲೆ ನಿಂತಿತ್ತು.

ತಾಯವ್ವ ಹೆತ್ತ ಕೂಸುಗಳು ಒಂದರ ಹಿಂದೊಂದು ತೊಟ್ಟಿಲಿನಲ್ಲೇ ಹೋಗಿದ್ದವು. ಕಡೆಗೆ ಹುಟ್ಟಿದವನು ಶೇಖಪ್ಪ. ಅವನು ಶ್ರಾವಣದ ಮಳೆಯಲ್ಲಿ ಹುಟ್ಟಿದ. ಮೊಲೆಗೆ ಬಾಯಿ ಹಚ್ಚಲಿಲ್ಲ, ಅಳಲಿಲ್ಲ. ಇದರದೂ ಇಷ್ಟೇ ಎಂದು ಮನೆಯವರು ಕೈಬಿಟ್ಟಿದ್ದರು. ಬಾಣಂತಿ ತಾಯವ್ವ ಗೋಡೆ ಹಿಡಿದು ಹಿತ್ತಲಿಗೆ ಹೋಗಿ, ಕೈಗೆ ಸಿಕ್ಕ ತುಂಬೆ ಹೂ ಕಿತ್ತು ತಂದು, ಅಂಗೈಯ ಲಿಂಗಕ್ಕೆ ಏರಿಸಿ ನುಡಿದಳು: ಈ ಒಂದನ್ನು ಉಳಿಸಿಕೊಡು, ನನ್ನ ಉಸಿರಿರುವ ತನಕ ಶ್ರಾವಣ ಹಿಡಿದು ಕಾರ್ತಿಕ ಮುಗಿಯುವವರೆಗೆ ನಿನಗೆ ತುಂಬೆ ಏರಿಸದೆ ಬಾಯಿಗೆ ಅನ್ನ ಮುಟ್ಟಿಸುವುದಿಲ್ಲ. ಕೂಸು ಉಳಿಯಿತು. ಅದಕ್ಕೆ ಮೀಸೆ ಬಂತು, ಮದುವೆಯಾಯಿತು, ಈಗ ಆ ಮೀಸೆಯೂ ನರೆತಿತ್ತು. ನೇಮ ನಡೆದೇ ಇತ್ತು. ಉಳಿದ ತಿಂಗಳುಗಳಲ್ಲಿ ಬಿಲ್ವದ ಪತ್ರಿ ನಡೆಯುತ್ತಿತ್ತು; ಆ ನಾಲ್ಕು ತಿಂಗಳು ಮಾತ್ರ ತುಂಬೆಯೇ ಆಗಬೇಕು. ಅದು ಸಿಗುವ ತನಕ ರೊಟ್ಟಿಯಿಲ್ಲ, ಚಹಾ ಇಲ್ಲ, ಬರೀ ನೀರು. ಶೇಖಪ್ಪನ ಆಯುಷ್ಯ ತುಂಬೆ ಗಿಡದಲ್ಲಿದೆ ಎಂದು ಊರವರು ಚೇಷ್ಟೆ ಮಾಡಿದರೆ ಶೇಖಪ್ಪನೂ ನಗುತ್ತಿದ್ದ. ತಾಯವ್ವ ನಗುತ್ತಿರಲಿಲ್ಲ. ಅವಳ ಪಾಲಿಗೆ ಅದು ಚೇಷ್ಟೆಯಲ್ಲ, ಲೆಕ್ಕ ಸರಿಯಾಗಿಯೇ ಇತ್ತು: ಹೂ ಇರುವ ತನಕ ಮಗ ಇರುತ್ತಾನೆ.

ಮಾಲವ್ವ ಹಳಿಯಾಳದ ಕಡೆಯವಳು. ಕಬ್ಬಿನ ಸೀಮೆಯಲ್ಲಿ ಎದ್ದ ಕೂಡಲೇ ಚಹಾ-ಚುರಮುರಿ ತಿಂದು ಬೆಳೆದವಳು. ಅತ್ತೆ ಉಣ್ಣುವ ಮೊದಲು ಸೊಸೆ ಉಣ್ಣುವ ಪದ್ಧತಿ ಈ ಮನೆಯಲ್ಲಿಲ್ಲ ಎಂಬುದು ಅವಳಿಗೆ ತಿಳಿದದ್ದು ಮದುವೆಯಾದ ಮೊದಲ ಶ್ರಾವಣದಲ್ಲಿ. ಜಿಟಿಜಿಟಿ ಮಳೆ, ಕೈಯಲ್ಲೊಂದು ಹಿತ್ತಾಳೆ ಬಟ್ಟಲು, ಹೋಗಿ ಒಡ್ಡಿನ ಮೇಲಿನ ತುಂಬೆ ಬಿಡಿಸಿಕೊಂಡು ಬಾ ಎಂಬ ಅಪ್ಪಣೆ. ಹೂ ಬಿಡಿಸುವುದೆಂದರೆ ಸುಮ್ಮನೆ ಅಲ್ಲ, ಒಂದೊಂದನ್ನೇ ಉಗುರಿನ ತುದಿಯಿಂದ ಎಳೆಯಬೇಕು. ಜೋರಾಗಿ ಎಳೆದರೆ ಹರಿಯುತ್ತದೆ, ಮೆಲ್ಲಗೆ ಎಳೆದರೆ ಬರುವುದಿಲ್ಲ, ನಡುವೆ ಇರುವೆ ಕಚ್ಚುತ್ತದೆ. ಹೊಟ್ಟೆ ಚುರುಗುಟ್ಟುತ್ತಿದ್ದರೆ ಮಾಲವ್ವ ಶಿವನನ್ನೂ ಅತ್ತೆಯನ್ನೂ ಕೂಡಿಸಿಯೇ ಬೈಯುತ್ತಿದ್ದಳು. ಈ ದೇವರಿಗೆ ಚೆಂಡುಹೂ ಕಾಣಲಿಲ್ಲವೇ, ದಾಸವಾಳ ಕಾಣಲಿಲ್ಲವೇ? ತೊಯ್ದು ತೊಪ್ಪೆಯಾಗಿ ಬಂದರೆ ಅತ್ತೆ ಬಟ್ಟಲಿನೊಳಗೆ ಇಣುಕುತ್ತಿದ್ದಳೇ ಹೊರತು ಸೊಸೆಯ ಮುಖ ನೋಡುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೇ ನಡೆಯಿತು. ಮಗಳು ಪೂರ್ಣಿಮಾ ಹುಟ್ಟಿದಳು, ಬೆಳೆದಳು, ಹಳಿಯಾಳಕ್ಕೇ ಸೊಸೆಯಾಗಿ ಹೋದಳು. ಅತ್ತೆ-ಸೊಸೆಯ ನಡುವೆ ಆ ಹಿತ್ತಾಳೆ ಬಟ್ಟಲೇ ಮಾತಾಡಬೇಕಿತ್ತು.

ಆಮೇಲೆ ಎಣ್ಣೆ ಬಂತು. ಇಲ್ಲಿಯ ಜನ ಹೊಲಕ್ಕೆ ಹೊಡೆಯುವ ಔಷಧಕ್ಕೆಲ್ಲ ಎಣ್ಣೆ ಎನ್ನುತ್ತಾರೆ. ಕಸ ಸಾಯಿಸುವುದೂ ಎಣ್ಣೆಯೇ. ತರಿಸಿದವಳು ಮಾಲವ್ವನೇ ಎಂದರೂ ತಪ್ಪಲ್ಲ. ಗೋವಿನಜೋಳದ ಸಾಲಿನಲ್ಲಿ ಬಗ್ಗಿ ಕಸ ಕಿತ್ತು ಸೊಂಟ ಬಿದ್ದಿದ್ದು ಅವಳದು, ಶೇಖಪ್ಪನದಲ್ಲ. ಆಳು ಸಿಗುವುದಿಲ್ಲ, ನೀವು ಬಗ್ಗುವುದಿಲ್ಲ, ನಾನೇನು ಕಬ್ಬಿಣದವಳೇ ಎಂದು ಜಗಳ ತೆಗೆದು, ಗಂಡನನ್ನು ಮುಂಡಗೋಡದ ನಬೀಸಾಬನ ಅಂಗಡಿಗೆ ಕಳಿಸಿ ಪಂಪು ತರಿಸಿದಳು. ನಬೀಸಾಬ ಪಂಪು ಮಾರುವವನೂ ಹೌದು, ಕೆಟ್ಟರೆ ರಿಪೇರಿ ಮಾಡುವವನೂ ಹೌದು. ಮೊದಲ ವರ್ಷ ಕಸವಿಲ್ಲದ ಹೊಲ ನೋಡಿ ಮಾಲವ್ವನಿಗೆ ಹಬ್ಬವಾಯಿತು. ಒಡ್ಡಿನ ಮೇಲೂ ಒಂದು ಕೈ ಹೊಡೆಯಿರಿ, ಹಾವು ಹರಿದಾಡಿದರೆ ಕಾಣುತ್ತದೆ ಎಂದು ತಾನೇ ಹೇಳಿದಳು. ಒಡ್ಡಿನ ಮೇಲೆ ಇನ್ನೇನಿತ್ತು ಎಂದು ಆಗ ಯಾರಿಗೆ ನೆನಪಾಗಬೇಕು!

ನೆನಪಾದದ್ದು ಶ್ರಾವಣದಲ್ಲಿ. ತಮ್ಮ ಒಡ್ಡಿನಲ್ಲಿ ತುಂಬೆಯಿಲ್ಲ, ಮಗ್ಗುಲ ಹೊಲದವರ ಒಡ್ಡಿನಲ್ಲೂ ಇಲ್ಲ. ಬಟ್ಟಲು ಹಿಡಿದು ಮಾಲವ್ವ ವರ್ಷದಿಂದ ವರ್ಷಕ್ಕೆ ದೂರ ದೂರ ಹೋಗತೊಡಗಿದಳು. ಕೆರೆಯ ಕೋಡಿ, ಅಡವಿಯ ಅಂಚು, ಪಾಳುಬಿದ್ದ ಮನೆಗಳ ಹಿಂದೆ. ಒಂದು ದಿನ ಅವಳು ನಾಲ್ಕೈದು ಹೂ ಹಿಡಿದು ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಎಂಬತ್ತರ ಅಂಚಿನ ಮುದುಕಿ ಬೆಳಗಿನಿಂದ ನೀರು ಕುಡಿದು ಕೂತಿದ್ದಳು. ಲಿಂಗಕ್ಕೆ ಏರಿಸಹೋದ ಹೂಗಳಲ್ಲಿ ಎರಡು ಕೈತಪ್ಪಿ ನೆಲಕ್ಕೆ ಬಿದ್ದವು. ಮಾಲವ್ವ ಅದನ್ನು ನೋಡಿದಳು. ಮರುದಿನವೇ ಊರಿನ ಅಯ್ಯನವರಾದ ಅಡಿವೆಯ್ಯನನ್ನು ಕರೆತಂದಳು. ಅಡಿವೆಯ್ಯ ಒಳ್ಳೆಯವನು. ದೇವರಿಗೆ ಪತ್ರಿಯೂ ನಡೆಯುತ್ತದೆ, ಭಸ್ಮವೂ ನಡೆಯುತ್ತದೆ, ಏನೂ ಇಲ್ಲದಿದ್ದರೆ ಬರೀ ನೀರೂ ನಡೆಯುತ್ತದೆ ಎಂದು ಬಿಡಿಸಿ ಹೇಳಿದ. ತಾಯವ್ವ ಎಲ್ಲಕ್ಕೂ ತಲೆಯಾಡಿಸಿದಳು.

“ದೇವರಿಗೆ ನಡೀತೈತ್ರಿ ಅಯ್ಯಾರ,” ಎಂದಳು. “ನನಗ ನಡೆಯೂದಿಲ್ಲ.”

ಅಡಿವೆಯ್ಯ ಚಹಾ ಕುಡಿದು ಎದ್ದು ಹೋದ. ಅವನು ಹೋದ ಮೇಲೆ ತಾಯವ್ವ ಸೊಸೆಯನ್ನು ಹತ್ತಿರ ಕರೆದು, ತನಗೆ ಇನ್ನೇನೂ ಆಸೆಯಿಲ್ಲ, ನೇಮ ಮುರಿಯದ ಹಾಗೆ ಮಣ್ಣಿಗೆ ಹೋದರೆ ಸಾಕು, ತಾನು ಹೋದ ಮೇಲೆ ಮಗನನ್ನು ದೇವರು ನೋಡಿಕೊಳ್ಳುತ್ತಾನೆ ಎಂದಳು. ಕೇಳಿಕೊಂಡದ್ದಲ್ಲ, ಸುಮ್ಮನೆ ಹೇಳಿದ್ದು. ಆದರೆ ಮಾಲವ್ವ ಅದನ್ನು ತನ್ನ ಮೇಲೆ ಹಾಕಿಕೊಂಡಳು. ಅತ್ತೆಯ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತೆಂದಲ್ಲ. ಇಷ್ಟು ವರ್ಷ ತಾನೂ ಹಸಿದುಕೊಂಡು ಕಾದ ನೇಮ ಅದು. ಕಡೆಗಾಲಕ್ಕೆ ತನ್ನ ಕಣ್ಣೆದುರು ಮುರಿದು ಬೀಳುವುದು ಅವಳಿಗೆ ಬೇಕಾಗಿರಲಿಲ್ಲ. ಆ ಕಾರ್ತಿಕದಲ್ಲಿ ಅಡವಿಯ ಅಂಚಿನಿಂದ ಒಣಗಿದ ತುಂಬೆ ಉಂಡೆಗಳನ್ನು ಕಿತ್ತು ತಂದು, ಅರಿವೆಯಲ್ಲಿ ಗಂಟು ಕಟ್ಟಿ ಜಂತಿಗೆ ತೂಗುಹಾಕಿದಳು.

ಬೆಳೆಸಲು ಹೋದರೆ ಗೊತ್ತಾಯಿತು ತುಂಬೆಯ ಸೊಕ್ಕು. ಮೊದಲ ವರ್ಷ ಮಾಲವ್ವ ಹಿತ್ತಲನ್ನು ಅಗೆದು, ಗೊಬ್ಬರ ಸಾಣಿಸಿ ಹಾಕಿ, ಮೆಣಸಿನ ಬೀಜ ಊರಿದ ಹಾಗೆ ಊರಿ ಮಣ್ಣು ಮುಚ್ಚಿದಳು. ಒಂದೂ ಏಳಲಿಲ್ಲ. ಗಂಟು ಬಿಚ್ಚುವಾಗ ಕಾಲ್ದಾರಿಯ ಮೇಲೆ ಚೆಲ್ಲಿದ್ದವಷ್ಟೇ ಎದ್ದವು. ಅವನ್ನಾದರೂ ಸುಖವಾಗಿ ಇಡೋಣವೆಂದು ಕಿತ್ತು ಗೊಬ್ಬರದ ಮಡಿಯಲ್ಲಿ ನೆಟ್ಟರೆ, ಸೊಂಟದೆತ್ತರ ಬೆಳೆದು ಬರೀ ಎಲೆಯಾದವು. ಹೂವಿಗೆ ಕೈ ಹಾಕಿದರೆ ನಾಲ್ಕು ಸಿಗದು. ಹಿತ್ತಲ ಬಾಗಿಲಲ್ಲಿ ಚೀಲ ಹಾಸಿಕೊಂಡು ಕೂತಿದ್ದ ತಾಯವ್ವ ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ನಕ್ಕುಬಿಟ್ಟಳು.

“ಬಡವರ ಮಗಳನ್ನ ತಂದು ಸಾಹುಕಾರ್ತಿ ಮಾಡೀದಿ ಮಾಲವ್ವಾ. ಕೆಲಸ ಮರತಾಳ ಆಕಿ.”

ಅತ್ತೆ ನಕ್ಕಿದ್ದನ್ನು ಮಾಲವ್ವ ಅದೇ ಮೊದಲ ಸಲ ನೋಡಿದ್ದು. ಆ ಶ್ರಾವಣ ಹೇಗೋ ಅಡವಿಯ ಅಂಚಿನ ಹೂವಿನಲ್ಲಿ ಕಳೆಯಿತು. ಮರುವರ್ಷ ಅವಳು ಗೊಬ್ಬರದ ಗೋಜಿಗೆ ಹೋಗಲಿಲ್ಲ. ಹಿತ್ತಲ ಮೂಲೆಯ ಸಣ್ಣ ಕಲ್ಲಿನ ಗರಸು ನೆಲವನ್ನು ಕೆರೆದು, ಬೀಜವನ್ನು ಮೇಲೆಯೇ ಚೆಲ್ಲಿ, ಮೊದಲ ಮಳೆಯ ಹಸಿಯಲ್ಲಿ ಬರಿಗಾಲಿನಿಂದ ತುಳಿದು ಬಿಟ್ಟಳು. ಮುಚ್ಚಲಿಲ್ಲ, ಮುದ್ದು ಮಾಡಲಿಲ್ಲ. ದಪ್ಪಗೆ ಎದ್ದವು ನೋಡಿ, ಕಾಲಿಡಲು ಜಾಗವಿಲ್ಲದಂತೆ! ಆಮೇಲಿನದು ಕಾಯುವ ಕೆಲಸ. ಒತ್ತೊತ್ತಾದವನ್ನು ಕಿತ್ತು ಸಡಿಲ ಮಾಡಬೇಕು, ಕೋಳಿ ಕೆದರದಂತೆ ನೋಡಬೇಕು, ಆಡು ಬಾಯಿ ಹಾಕದಂತೆ ಮುಳ್ಳು ಕಟ್ಟಬೇಕು. ತಾಯವ್ವ ಕೋಲು ಹಿಡಿದು ಬಾಗಿಲಲ್ಲಿ ಕೂತರೆ ಒಂದು ಕೋಳಿಯೂ ಹತ್ತಿರ ಸುಳಿಯುತ್ತಿರಲಿಲ್ಲ.

ಅಲ್ಲಿಯೇ ಅತ್ತೆ-ಸೊಸೆಗೆ ಮಾತು ಶುರುವಾಯಿತು. ಹೆಸರಿಡುವ ಮೊದಲೇ ಹೋದ ಕೂಸುಗಳ ಮಾತು ತಾಯವ್ವ ಯಾರೆದುರೂ ತೆಗೆದವಳಲ್ಲ. ಈಗ ಗಿಡ ನೋಡುತ್ತ ಒಂದೊಂದಾಗಿ ಹೇಳುತ್ತಿದ್ದಳು: ಒಂದರ ತಲೆತುಂಬ ಕೂದಲಿತ್ತು, ಒಂದು ಅಳುವಾಗ ಬೆಕ್ಕಿನ ಮರಿಯ ಹಾಗೆ ಸದ್ದು ಮಾಡುತ್ತಿತ್ತು, ಒಂದು ಎರಡು ದಿನ ಚೆನ್ನಾಗಿ ಮೊಲೆ ಕುಡಿದು ಮೂರನೆಯ ದಿನ ಹೋಯಿತು. ಮಾಲವ್ವ ಕಳೆ ಕೀಳುತ್ತ ಕೇಳುತ್ತಿದ್ದಳು. ತುಂಬೆಯ ಮಡಿಯಲ್ಲೂ ಕಳೆ ಇತ್ತು, ಅದು ಬೇರೆ ಮಾತು. ಶ್ರಾವಣ ಬಂದು ಮಡಿ ಬೆಳ್ಳಗೆ ಹೂಬಿಟ್ಟ ಮೊದಲ ಬೆಳಗ್ಗೆ, ಬಟ್ಟಲು ತುಂಬಿ ಕೊಟ್ಟಾಗ ತಾಯವ್ವ ಬಟ್ಟಲು ಬಿಟ್ಟು ಸೊಸೆಯ ಮುಖ ನೋಡಿ, ಹಸಿದಿರಬೇಕು ನೀನು, ಒಲೆಯ ಮೇಲೆ ಚಹಾ ಇಡು, ನನ್ನದು ಬೇಗ ಮುಗಿಯುತ್ತದೆ ಎಂದಳು. ಮಾಲವ್ವ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟೂ ವರ್ಷದ ಹಸಿವು ಆ ಒಂದು ಮಾತಿಗೆ ಕರಗಿಹೋಗಿತ್ತು.

ಶ್ರಾವಣದ ನಡುವೆ ಮಳೆ ಕೈಕೊಟ್ಟಿತು. ಬಿಸಿಲು ಬಿದ್ದು ಗರಸು ನೆಲ ಕಾದು, ಗಿಡ ಬಾಡತೊಡಗಿದವು. ಸಂಜೆಗೊಮ್ಮೆ ನೀರು ಚಿಮುಕಿಸಬೇಕಾಯಿತು. ಅದೇ ಹೊತ್ತಿಗೆ ಹಳಿಯಾಳದಲ್ಲಿ ಪೂರ್ಣಿಮಾಳ ಎರಡನೆಯ ಕೂಸಿನ ತೊಟ್ಟಿಲ ಕಾರ್ಯ. ಮಾಲವ್ವ ಹೋಗಲೇಬೇಕು. ಹೂ ಬಿಡಿಸುವುದನ್ನೂ ನೀರು ಹಾಕುವುದನ್ನೂ ಶೇಖಪ್ಪನಿಗೆ ಒಪ್ಪಿಸಿದಳು. ಶೇಖಪ್ಪ ಮೆತ್ತಗಿನ ಮನುಷ್ಯ, ಕೈ ಮಾತ್ರ ಒರಟು. ಹಿಂದೊಮ್ಮೆ ಚೊಂಬಿನಿಂದ ದಬದಬ ಸುರಿದು ಸಸಿಗಳನ್ನು ನೆಲಕ್ಕೆ ಮಲಗಿಸಿದ್ದ. ಎಮ್ಮೆಯ ಮೈ ತೊಳೆಯುತ್ತಿದ್ದೀರೇನು ಎಂದು ಬೈಸಿಕೊಂಡಿದ್ದ. ಬಸ್ಸು ಹತ್ತುವಾಗಲೂ ಅವಳದು ಅದೇ ಮಾತು: ಕೈಯಿಂದ ಚಿಮುಕಿಸಿ, ಚೊಂಬು ಮುಟ್ಟಬೇಡಿ.

ಶೇಖಪ್ಪ ಚೊಂಬು ಮುಟ್ಟಲಿಲ್ಲ. ಕೈಯಿಂದ ಚಿಮುಕಿಸಿ ನೋಡಿದ, ಅಲ್ಲೊಂದು ಹನಿ ಇಲ್ಲೊಂದು ಹನಿ, ನೆಲ ತೋಯಲೊಲ್ಲದು. ಆಗ ಅವನಿಗೆ ಹೊಳೆಯಿತು: ಪಂಪು! ಇಬ್ಬನಿಯಂತೆ ಸಣ್ಣಗೆ ಬೀಳುತ್ತದೆ, ಒಂದು ಎಲೆಗೂ ಪೆಟ್ಟಾಗುವುದಿಲ್ಲ, ಹೆಂಡತಿ ಬಂದು ನೋಡಿ ಭೇಷ್ ಎನ್ನಬೇಕು. ಭತ್ತದ ಗದ್ದೆಗೆ ಕಸದ ಎಣ್ಣೆ ಹೊಡೆದು ವಾರವಾಗಿತ್ತು. ದಡ್ಡನಲ್ಲ ಅವನು, ಪಂಪನ್ನು ಕೆರೆಗೆ ಒಯ್ದು ಎರಡು ಸಲ ಬರೀ ನೀರಿನಿಂದ, ಒಂದು ಸಲ ಸಾಬೂನಿನ ಪುಡಿ ಹಾಕಿ ತೊಳೆದ. ಮೂಸಿ ನೋಡಿದ, ಸಾಬೂನಿನ ವಾಸನೆಯೇ ಬಂತು. ಹೊತ್ತು ಮುಳುಗುವಾಗ ಮಡಿಗೆಲ್ಲ ಹೊಡೆದು, ತಾಯಿಯನ್ನು ಕರೆದು ತೋರಿಸಿದ. ಹೂವಿನ ಮೇಲೆ ಹನಿ ನಿಂತು ಹೊಳೆಯುತ್ತಿದ್ದವು. ಬೆಳಗ್ಗೆ ಎದ್ದು ನೋಡಿದರೆ ಗಿಡಗಳ ತಲೆ ಬಾಗಿತ್ತು. ನೀರು ಸಾಲಲಿಲ್ಲವೆಂದುಕೊಂಡ ಆ ಪುಣ್ಯಾತ್ಮ. ಇನ್ನೊಂದು ಪಂಪು ತುಂಬಿಸಿ, ಇನ್ನೊಮ್ಮೆ ಹೊಡೆದ.

ಸೋಮವಾರ ಮಧ್ಯಾಹ್ನದ ಬಸ್ಸಿಗೆ ಬಂದ ಮಾಲವ್ವ ಚೀಲ ಕೆಳಗಿಡದೆ ಹಿತ್ತಲಿಗೆ ಹೋದಳು. ದಂಟುಗಳು ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿದ್ದವು, ಎಲೆ ಮುದುಡಿ ಒಳಗೆ ಸುತ್ತಿಕೊಂಡಿದ್ದವು. ಬಿಸಿಲಿಗೆ ಬಾಡಿದ ಗಿಡ ಹೀಗಾಗುವುದಿಲ್ಲ. ಹೀಗಾಗುವುದನ್ನು ಅವಳು ಗದ್ದೆಯಲ್ಲಿ ಪ್ರತಿವರ್ಷ ಕಣ್ಣಾರೆ ನೋಡಿದ್ದಳು, ನೋಡಿ ಹಿಗ್ಗಿದ್ದಳು ಕೂಡ. ಏನು ಹೊಡೆದಿರಿ ಎಂದು ಕೇಳಿದಳು. ನೀರು, ಬರೀ ನೀರು ಎಂದ ಶೇಖಪ್ಪ. ಅವಳು ಪಂಪಿನ ಮೂತಿಯನ್ನು ಮೂಗಿಗೆ ಹಿಡಿದಳು. ಸಾಬೂನಿನ ಹಿಂದೆ, ತೆಳ್ಳಗೆ, ಆ ಕಟು ವಾಸನೆ ಇತ್ತು. ಅವಳ ಮುಖ ನೋಡಿಯೇ ಶೇಖಪ್ಪನಿಗೆ ತಿಳಿಯಿತು. ಅವನು ಅಲ್ಲಿಯೇ ನೆಲ ಹಿಡಿದು ಕೂತ.

ಇದ್ದ ಹೂಗಳನ್ನೆಲ್ಲ ಬಿಡಿಸಿ, ತೊಳೆದು, ಒದ್ದೆ ಅರಿವೆಯಲ್ಲಿ ಸುತ್ತಿಟ್ಟಳು. ವಿಷ ಬಿದ್ದ ಹೂವನ್ನು ಲಿಂಗಕ್ಕೆ ಏರಿಸಬಹುದೋ ಬಾರದೋ ಎಂದು ಕೇಳಲು ಅಡಿವೆಯ್ಯನ ಹತ್ತಿರ ಹೋಗಲಿಲ್ಲ. ಬಾರದು ಎಂದರೆ ಏನು ಗತಿ? ತಾಯವ್ವನಿಗೆ ವಿಷಯ ಮುಚ್ಚಿಡಲು ಆಗಲಿಲ್ಲ. ಮುದುಕಿ ಬಾಗಿಲಲ್ಲೇ ಕೂತಿದ್ದವಳು, ಎಲ್ಲ ಕೇಳಿಸಿಕೊಂಡಿದ್ದಳು. ಕೋಳಿ ಓಡಿಸುವ ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಮಾಲವ್ವ ಸುತ್ತಲಿನ ಒಡ್ಡು, ಕೋಡಿ, ಅಡವಿಯ ಅಂಚು ಎಲ್ಲ ಹುಡುಕಿ ಬಂದಳು. ಎಲ್ಲಿಯೂ ಇರಲಿಲ್ಲ. ಸುತ್ತಿಟ್ಟ ಹೂ ಮಂಗಳವಾರ ನಡೆದವು, ಬುಧವಾರ ಅಂಚು ಕಪ್ಪಗಾದರೂ ನಡೆದವು. ಗುರುವಾರಕ್ಕೆ ಅರಿವೆ ಬಿಚ್ಚಿದರೆ ಲೋಳೆಯಾಗಿದ್ದವು.

ಶೇಖಪ್ಪ ಸೋಮವಾರದಿಂದ ಊಟ ಬಿಟ್ಟಿದ್ದ. ಬಾಯಿಬಿಟ್ಟು ಹೇಳಲಿಲ್ಲ, ಗಂಗಾಳವನ್ನು ಹಾಗೇ ಸರಿಸುತ್ತಿದ್ದ. ಬುಧವಾರ ಪಂಪು ಹೊತ್ತು ಮುಂಡಗೋಡಕ್ಕೆ ಹೋಗಿ ನಬೀಸಾಬನೆದುರು ಇಟ್ಟ. ನಬೀಸಾಬ ಮೂತಿ ಬಿಚ್ಚಿ, ಒಳಗಿನ ರಬ್ಬರು ತೆಗೆದು ಹಿಂಡಿ ತೋರಿಸಿ, ಕಸದ ಎಣ್ಣೆಗೆ ಬೇರೆ ಪಂಪು ಇಡಿ ಎಂದು ನಾನು ಬಾಯಿ ಹರಿದುಕೊಂಡರೂ ಒಬ್ಬನೂ ಕೇಳುವುದಿಲ್ಲ ಎಂದು ಸಿಟ್ಟಾದ.

“ತೊಳದ್ರ ಹೋಗೂ ಮಾಲಲ್ಲಪಾ ಇದು. ರಬ್ಬರಿನ್ಯಾಗ ಕುಂತಿರತೈತಿ.”

ಯಾವ ಬೆಳೆ ಹೋಯಿತು ಎಂದು ಕೇಳಿದ. ಶೇಖಪ್ಪ ಎಲ್ಲ ಹೇಳಿದ. ನಬೀಸಾಬನ ಸಿಟ್ಟು ಅಲ್ಲಿಗೆ ಇಳಿಯಿತು. ಟಿಬೆಟನ್ ಕಾಲೊನಿಯಲ್ಲಿ ಜೋಳದ ಮಷೀನು ರಿಪೇರಿಗೆ ಹೋದಾಗ ಒಬ್ಬ ಮುದುಕಿಯ ಕೊಟ್ಟಿಗೆಯ ಹಿಂದಿನ ಬೇಲಿಯಲ್ಲಿ ತುಂಬೆ ಕಂಡ ನೆನಪು, ಈಗಲೂ ಇರಬಹುದು ಎಂದು ಮನೆಯ ಗುರುತು ಹೇಳಿ ಕಳಿಸಿದ. ಶೇಖಪ್ಪ ಊರು ಮುಟ್ಟುವಾಗ ಸಂಜೆಯಾಗಿತ್ತು.

ಗುರುವಾರ ನಸುಕಿಗೇ ಅವನು ಅಂಗಿ ತೊಟ್ಟು, ಬಟ್ಟಲು ಕೈಗೆ ತೆಗೆದುಕೊಂಡು, ತಾನೇ ಹೋಗಿ ತರುವುದಾಗಿ ಹೇಳಿದ. ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮಾಲವ್ವನೊಳಗೆ ಮೂರು ದಿನದಿಂದ ಕುದಿಯುತ್ತಿದ್ದದ್ದು ಆಗ ಉಕ್ಕಿತು. ಬಟ್ಟಲನ್ನು ಅವನ ಕೈಯಿಂದ ಕಸಿದುಕೊಂಡಳು.

“ನೀವು ಮುಟ್ಟಬ್ಯಾಡ್ರಿ. ನಿಮ್ಮ ಕೈ ಮುಟ್ಟಿದ್ದು ಸಾಯ್ತೈತಿ.”

ಆಡಿದ ಮೇಲೆ ಅವಳಿಗೇ ಕೆಡುಕೆನಿಸಿತು. ನಿಂತು ಸಮಾಧಾನ ಹೇಳಲು ಹೊತ್ತಿರಲಿಲ್ಲ, ಮೊದಲ ಬಸ್ಸು ತಪ್ಪಿದರೆ ಮುಗಿಯಿತು. ಒಳಗೆ ಇಣುಕಿ, ಮಧ್ಯಾಹ್ನದೊಳಗೆ ಬರುತ್ತೇನೆ, ತಡೆಯಿರಿ ಅತ್ತೆ ಎಂದು ಕೂಗಿ ಓಡಿದಳು.

ಮುಂಡಗೋಡದಲ್ಲಿ ಇಳಿದು, ಟೆಂಪೋ ಹಿಡಿದು ಕಾಲೊನಿ ಮುಟ್ಟಿದಳು. ನಬೀಸಾಬ ಹೇಳಿದ ಮನೆ ಹುಡುಕಲು ಹೊತ್ತು ಹಿಡಿಯಿತು. ಮನೆಯೊಡತಿ ಮುದುಕಿಗೆ ಕನ್ನಡ ಅಷ್ಟಕ್ಕಷ್ಟೆ. ಮಾಲವ್ವ ಬಟ್ಟಲು ತೋರಿಸಿ, ಅಂಗೈ ಮುಂದೆ ಚಾಚಿ ಪೂಜೆಯ ಸನ್ನೆ ಮಾಡಿದಳು. ಮುದುಕಿಗೆ ಪೂಜೆಯಷ್ಟು ತಿಳಿಯಿತು. ಕೊಟ್ಟಿಗೆಯ ಹಿಂದೆ ಕರೆದೊಯ್ದಳು. ಇತ್ತು. ಬೇಲಿಯುದ್ದಕ್ಕೂ ಬೆಳ್ಳಗೆ, ಹಿಂದಿನ ಕಾಲದಲ್ಲಿ ಒಡ್ಡಿನ ಮೇಲೆ ಇರುತ್ತಿದ್ದ ಹಾಗೆ. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಬಿಡಿಸಿದರು. ಮುದುಕಿ ಚಹಾ ತಂದು ಕೊಟ್ಟಳು. ಅತ್ತೆ ಉಂಡಿಲ್ಲವೆಂದು ಹೇಳಲು ಭಾಷೆಯಿಲ್ಲದೆ ಮಾಲವ್ವ ಕೈಮುಗಿದು ಲೋಟವನ್ನು ಹಾಗೇ ಇಟ್ಟಳು. ಬಟ್ಟಲು ತುಂಬಿತು, ಸೆರಗಿನ ತುದಿಯಲ್ಲೂ ಒಂದಿಷ್ಟು ಕಟ್ಟಿಕೊಂಡಳು. ಬಸ್ಸಿನಲ್ಲಿ ಕೂತಾಗ ಅವಳ ಮೈ ಹಗುರಾಗಿತ್ತು. ದಿನಾ ಬಂದು ಒಯ್ದರೂ ಕಾರ್ತಿಕದ ತನಕ ನಡೆಯುತ್ತದೆ, ಗಂಡನಿಗೆ ಹೋದ ಕೂಡಲೇ ಒಂದು ಒಳ್ಳೆಯ ಮಾತು ಆಡಬೇಕು ಎಂದುಕೊಂಡಳು.

ಮನೆ ಹೊಕ್ಕಾಗ ಹೊತ್ತು ನೆತ್ತಿ ದಾಟಿತ್ತಷ್ಟೇ. ಪಡಸಾಲೆಯಲ್ಲಿ ಎರಡು ಗಂಗಾಳ ಬಿದ್ದಿದ್ದವು. ಶೇಖಪ್ಪ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೂತಿದ್ದ, ಹಣೆಯ ಮೇಲೊಂದು ಒದ್ದೆ ಅರಿವೆ. ತಾಯವ್ವ ಕೈ ತೊಳೆದುಕೊಂಡು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಮಾಲವ್ವನ ಕೈಯ ಬಟ್ಟಲನ್ನು ನೋಡಿದಳು.

“ನಾ ಉಂಡೇನಿ ಮಾಲವ್ವಾ.”

ಮಾಲವ್ವ ಎರಡೂ ಗಂಗಾಳಗಳತ್ತ ನೋಡಿದಳು. “ಒಂದ ತಾಸು ತಡೀಲಿಲ್ಲಲ್ರಿ ಅತ್ತೀ,” ಎಂದಳು.

“ನಾ ತಡೀತಿದ್ದೆ. ರಾತ್ರಿತನಕಾನೂ ತಡೀತಿದ್ದೆ. ಅಂವ ಎದ್ದು ನಿಂತಾಂವ ಕಣ್ಣಿಗೆ ಕತ್ತಲಿ ಬಂದು ಬಿದ್ದ. ಏಳಪಾ, ಒಂದ ತುತ್ತು ಉಣ್ಣು ಅಂದ್ರ, ನೀ ಉಣದ ನಾ ಉಣಂಗಿಲ್ಲ ಅಂದ. ಯಾರ ಸಲುವಾಗಿ ನೇಮ ಹಿಡದಿದ್ನೋ ಅಂವನ್ನ ಕೊಂದು ನೇಮ ಉಳಸ್ಕೊಳ್ಳೇನು?”

ತಾಯವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. ಮೊದಲು ತಾನೇ ರೊಟ್ಟಿ ಮುರಿದು ಬಾಯಿಗಿಟ್ಟು, ಆಮೇಲೆ ಮಗನ ಬಾಯಿಗೆ ಇಟ್ಟಳಂತೆ. ಎದ್ದು ಒಳಗೆ ಹೋಗುವವಳು ಸೊಸೆಯ ಹತ್ತಿರ ತುಸು ನಿಂತು, ಶೇಖಪ್ಪನಿಗೆ ಕೇಳಿಸದ ಹಾಗೆ ಇನ್ನೊಂದು ಮಾತು ಹೇಳಿದಳು.

“ಮುಂಜಾನಿ ನೀ ಅಂದದ್ದು ಕೇಳಿಸ್ತವಾ. ನನ್ನ ಮಗನ ಕೈ ಅಂಥಾದ್ದಲ್ಲ.”

ಅತ್ತೆ ಬೈದಿದ್ದರೆ ಮಾಲವ್ವ ತಾಳಿಕೊಳ್ಳುತ್ತಿದ್ದಳು. ಬೈಸಿಕೊಂಡು ರೂಢಿಯಿತ್ತು. ಈ ಮಾತು ಕೇಳಿ ಬಟ್ಟಲು ಹಿಡಿದುಕೊಂಡೇ ಕೂತಳು. ಹೂ ಸಂಜೆಯ ತನಕ ತಾಜಾ ಇದ್ದವು.

ಮರುದಿನ ಬೆಳಗ್ಗೆ ಮಣೆ ಹಾಕಿ, ಮಡಿನೀರಿಟ್ಟು, ವಿಭೂತಿಯ ಪಕ್ಕದಲ್ಲಿ ಹೂವಿನ ಬಟ್ಟಲಿಟ್ಟಳು. ಒಮ್ಮೆ ತಪ್ಪಿದ್ದಕ್ಕೆ ನೇಮವೇ ಹೋಯಿತೇ, ಇವತ್ತಿನಿಂದ ಮತ್ತೆ ಹಿಡಿಯಿರಿ ಎಂದು ಬೇಡಿಕೊಂಡಳು. ಅಡಿವೆಯ್ಯನೂ ಬಂದು ಹೇಳಿದ. ತಾಯವ್ವ ಎಲ್ಲಕ್ಕೂ ತಲೆಯಾಡಿಸಿದಳು. ಕರಡಿಗೆ ಕೊರಳಲ್ಲಿತ್ತು, ಅದರೊಳಗಿನ ಲಿಂಗವನ್ನು ಮಾತ್ರ ಅಂಗೈಗೆ ತೆಗೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ತೆಗೆಯಲಿ ಎಂದಳು. ಮಣೆಯನ್ನು ಕಾಲಿಂದ ಸರಿಸಿ ಒಲೆಯ ಹತ್ತಿರ ಬಂದು ಕೂತು, ಚಹಾ ಇದ್ದರೆ ಕೊಡವ್ವ ಎಂದು ಕೇಳಿದಳು. ಮಾಲವ್ವ ಕೊಟ್ಟಳು. ಶ್ರಾವಣದ ಬೆಳಗ್ಗೆ ಅತ್ತೆ-ಸೊಸೆ ಎದುರುಬದುರು ಕೂತು ಚಹಾ ಕುಡಿದರು. ಅಂದಿನಿಂದ ತಾಯವ್ವ ಕೊಟ್ಟದ್ದನ್ನು ಕೊಟ್ಟ ಹೊತ್ತಿಗೆ ತಿನ್ನುತ್ತಾಳೆ, ಬೇಡ ಎನ್ನುವುದಿಲ್ಲ, ಇನ್ನಷ್ಟು ಎನ್ನುವುದಿಲ್ಲ. ಸತ್ತ ತುಂಬೆಗಳನ್ನು ಮಾಲವ್ವ ಕಿತ್ತು ತಿಪ್ಪೆಗೆ ಹಾಕಿದಳು. ಹಿತ್ತಲಿನಲ್ಲಿ ಕೋಳಿಗಳು ತಿರುಗುತ್ತವೆ. ಅಂಗಡಿಕಟ್ಟೆಯವರು ಈಗ ಪೀಕಿನ ಮಾತು ತೆಗೆಯುವುದಿಲ್ಲ.

ಹಿತ್ತಲ ಬಾಗಿಲು ಬಿಟ್ಟು ತಾಯವ್ವ ಈಗ ಮುಂಬಾಗಿಲ ಹೊಸ್ತಿಲ ಹತ್ತಿರ ಕೂರುತ್ತಾಳೆ. ಶೇಖಪ್ಪ ಹೊಲಕ್ಕೆ ಹೊರಟರೆ ತಿರುವಿನ ತನಕ ನೋಡುತ್ತಾಳೆ, ಬರುವ ತನಕ ಏಳುವುದಿಲ್ಲ. ಅವನು ಕೆಮ್ಮಿದರೆ ತಿರುಗಿ ನೋಡುತ್ತಾಳೆ. ರಾತ್ರಿ ಅವನು ಮಲಗಿದ ಮೇಲೆ ಹತ್ತಿರ ಬಂದು ಬಗ್ಗಿ, ಉಸಿರು ಕೇಳಿ ಹೋಗುವುದನ್ನು ಮಾಲವ್ವ ನೋಡಿದ್ದಾಳೆ. ಶೇಖಪ್ಪನಿಗೆ ಏನೂ ಆಗಿಲ್ಲ. ಮೊದಲಿಗಿಂತ ಒಂದು ರೊಟ್ಟಿ ಹೆಚ್ಚೇ ಉಣ್ಣುತ್ತಾನೆ, ತಾಯಿಯ ಸಮಾಧಾನಕ್ಕೆ.

ಮಾಲವ್ವ ಇಂಥದ್ದನ್ನೆಲ್ಲ ನಂಬುವವಳಲ್ಲ. ಹೂವಿಗೂ ಮನುಷ್ಯನ ಆಯುಷ್ಯಕ್ಕೂ ಎಲ್ಲಿಯ ಸಂಬಂಧ ಎಂದು ಅತ್ತೆಗೆ ಹೇಳಿ ಹೇಳಿ ಅವಳ ಬಾಯಿ ಸೋತಿದೆ. ಮೊನ್ನೆ ಸಂಜೆ ಗದ್ದೆಗೆ ಹೋದ ಶೇಖಪ್ಪ ಕತ್ತಲಾದರೂ ಬರಲಿಲ್ಲ. ತಾಯವ್ವ ಹೊಸ್ತಿಲಲ್ಲಿ ಕೂತು, ಬಂದನೇ ಎಂದು ಕೇಳುತ್ತಿದ್ದಳು. ಬರುತ್ತಾರೆ ಬಿಡಿ, ಕೂಸೇನಲ್ಲ ಎಂದು ಮಾಲವ್ವ ಒಳಗಿನಿಂದಲೇ ಗದರಿದಳು. ಇನ್ನೊಂದು ರೊಟ್ಟಿ ತಟ್ಟಿದಳು, ಅದು ಹಂಚಿನ ಮೇಲೆ ಸೀದುಹೋಯಿತು. ಹಂಚು ಇಳಿಸಿ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಅತ್ತೆಯ ಮಗ್ಗುಲಲ್ಲಿ ಕೂತು, ಅವಳೂ ಹಾದಿ ನೋಡತೊಡಗಿದಳು.